ಎರಡು ಮಿಲಿಮೀಟರಿನ ಬಿಸಿಲ್ಗುದುರೆ

ಕಳೆದ ಬೇಸಿಗೆಯ ರಣಬಿಸಿಲಿನಲ್ಲಿ ಕೈಗೆತ್ತಿಕೊಂಡ ಬಟ್ಟೆಯ ವಿನ್ಯಾಸವೊಂದು ಈ ವಾರ ಒಂದು ಹಂತಕ್ಕೆ ಬಂದು ನಿಂತಿದೆ. ವಿಷಯವನ್ನು ನಾನೇ ಆರಿಸಿಕೊಂಡಿದ್ದೆ: ಬೇಸಿಗೆಯ ಬೇಗೆ. ವಿನ್ಯಾಸವನ್ನು ತೆಳ್ಳನೆಯ ಹತ್ತಿ ಬಟ್ಟೆಯ ಮೇಲೆ ಮುದ್ರಿಸಬೇಕು, ಅದರಿಂದ ಹೊಲಿದ ಉಡುಪನ್ನು ಆ ಬೇಗೆಯಲ್ಲೇ ತೊಡುವಂತಿರಬೇಕು, ಕಂಡವರಿಗೆ ಬಿಸಿಲು ನೆನಪಾಗಬೇಕು. ಕೇಳುವುದಕ್ಕೆ ಸರಳವಾಗಿರುವ ಈ ಮೂರು ಷರತ್ತುಗಳು ಒಂದರ ಕಾಲನ್ನು ಇನ್ನೊಂದು ಎಳೆಯುತ್ತವೆ ಎಂಬುದು ಕೆಲಸಕ್ಕೆ ಕುಳಿತ ಮೇಲೆ ತಿಳಿಯಿತು.

ಮೊದಲ ಹನ್ನೊಂದು ಕರಡುಗಳನ್ನು ಈಗ ತೆಗೆದು ನೋಡಿದರೆ ನಗು ಬರುತ್ತದೆ. ಎಲ್ಲದರಲ್ಲೂ ಸೂರ್ಯನಿದ್ದಾನೆ; ಚಕ್ರದಂತೆ, ಹೂವಿನಂತೆ, ಕಿರಣಗಳ ಬೀಸಣಿಗೆಯಂತೆ. ಬಣ್ಣಗಳೋ ಕೆಂಪು, ಕಿತ್ತಳೆ, ಕಡು ಹಳದಿ. ಅವುಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನಿಂತಾಗ ಕಂಡದ್ದು ಸಂಭ್ರಮ. ಬೇಗೆ ಅದರಲ್ಲಿ ಎಲ್ಲೂ ಇರಲಿಲ್ಲ. ತಪ್ಪು ಕೈಯದೋ ಕಣ್ಣಿನದೋ ಎಂದು ನೋಡಲು ಮರುದಿನ ಮಧ್ಯಾಹ್ನ 12.30ಕ್ಕೆ ಕಿಟಕಿಯ ಬಳಿ ಕುಳಿತು, ಹೊರಗೆ ಕಾಣುವ ಬಣ್ಣಗಳನ್ನು ಕಾಗದದ ಮೇಲೆ ಒಂದೊಂದಾಗಿ ಹಚ್ಚಿಕೊಳ್ಳುತ್ತ ಹೋದೆ. ಆಕಾಶ ನೀಲಿಯಾಗಿರಲಿಲ್ಲ, ಬೂದಿ ಬೆರೆಸಿದ ಬಿಳುಪಾಗಿತ್ತು. ಎದುರಿನ ಗೋಡೆಯ ಹಳದಿ ತೊಳೆದುಹೋಗಿತ್ತು. ಎಲೆಗಳ ಮೇಲ್ಮೈ ಹಸಿರಿಗಿಂತ ಹೆಚ್ಚಾಗಿ ಬೆಳ್ಳಿಯಂತೆ ಕಣ್ಣು ಕುಕ್ಕುತ್ತಿತ್ತು. ನೆರಳುಗಳು ವಸ್ತುಗಳ ಬುಡದಲ್ಲಿ ಮುದುಡಿಕೊಂಡಿದ್ದವು. ಒಂದು ಗಂಟೆ ಕಳೆಯುವಷ್ಟರಲ್ಲಿ ಕಾಗದದ ಮೇಲೆ ಹದಿನಾಲ್ಕು ಚೌಕಗಳಾಗಿದ್ದವು. ಅವುಗಳಲ್ಲಿ ಒಂದೂ ಕೆಂಪಾಗಿರಲಿಲ್ಲ.

ಕೆಂಪು ಕೆಂಡದ ಬಣ್ಣ, ಮುಳುಗುವ ಸೂರ್ಯನ ಬಣ್ಣ. ಭೌತಶಾಸ್ತ್ರದ ಲೆಕ್ಕದಲ್ಲಿ ಅದು ಕಡಿಮೆ ಕಾವಿನ ಬಣ್ಣವೂ ಹೌದು: ಕಾಯಿಸಿದ ಕಬ್ಬಿಣ ಸುಮಾರು 525 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮಂದ ಕೆಂಪಾಗಿ ಹೊಳೆಯತೊಡಗುತ್ತದೆ, ಇನ್ನೂ ಕಾಯಿಸಿದರೆ ಹಳದಿಯಾಗಿ ಬಿಳುಪಿನತ್ತ ಸಾಗುತ್ತದೆ, ಮೇಲ್ಮೈಯಲ್ಲಿ ಸುಮಾರು 5,500 ಡಿಗ್ರಿ ಇರುವ ಸೂರ್ಯನ ಬೆಳಕು ಬಿಳಿ. ಆದರೂ ಬಿಸಿ ಎಂದೊಡನೆ ಕೈ ಕೆಂಪು ಬಣ್ಣದ ಡಬ್ಬಿಗೇ ಹೋಗುತ್ತದೆ. ಹವಾಮಾನದ ನಕ್ಷೆಗಳೂ ನಮ್ಮನ್ನು ಹಾಗೆಯೇ ಪಳಗಿಸಿವೆ. ಆ ನಕ್ಷೆಗಳ ಕೆಂಪಿಗೂ ಒಂದು ಕೊನೆಯಿದೆ ಎಂಬುದು 2013ರ ಜನವರಿಯಲ್ಲಿ ಗೊತ್ತಾಯಿತು. ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ನಕ್ಷೆಯಲ್ಲಿ ಬಣ್ಣಗಳು 50 ಡಿಗ್ರಿಗೆ ಮುಗಿಯುತ್ತಿದ್ದವು. ದೇಶದ ಒಳನಾಡಿನಲ್ಲಿ ಅದನ್ನೂ ಮೀರಬಹುದೆಂಬ ಮುನ್ಸೂಚನೆ ಬಂದಾಗ ಕಡು ನೇರಳೆ ಮತ್ತು ಗುಲಾಬಿ ಬಣ್ಣಗಳನ್ನು ಸೇರಿಸಿ ಅಳತೆಪಟ್ಟಿಯನ್ನು 54 ಡಿಗ್ರಿಯವರೆಗೆ ಹಿಗ್ಗಿಸಬೇಕಾಯಿತು. ಬಣ್ಣದೊಂದಿಗೆ ದಿನವೂ ಗುದ್ದಾಡುವ ನನ್ನಂಥವಳಿಗೆ ತಾಪಮಾನದ ಎಷ್ಟೋ ದಾಖಲೆಗಳಿಗಿಂತ ಈ ಸುದ್ದಿ ಹೆಚ್ಚು ನಾಟಿತು. ಬಣ್ಣ ಸಾಲದೆ ಹೋಗುವುದು ಎಂದರೇನೆಂದು ನನಗೆ ಗೊತ್ತು.

ಅಂಕಿ-ಅಂಶವನ್ನೇ ನೇರವಾಗಿ ಬಟ್ಟೆಗಿಳಿಸಿದ ಒಳ್ಳೆಯ ಮಾದರಿಗಳು ಕಣ್ಣ ಮುಂದೆಯೇ ಇದ್ದವು. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ ಪಟ್ಟೆಗಳನ್ನು ಅನೇಕರು ನೋಡಿರಬಹುದು: ವರ್ಷಕ್ಕೊಂದು ಪಟ್ಟೆ, ಸರಾಸರಿಗಿಂತ ತಂಪಾದ ವರ್ಷಕ್ಕೆ ನೀಲಿ, ಬಿಸಿಯಾದ ವರ್ಷಕ್ಕೆ ಕೆಂಪು, ಅಕ್ಷರವಿಲ್ಲ, ಅಂಕಿಯಿಲ್ಲ. ಅದಕ್ಕೂ ಹಿಂದಿನ ವರ್ಷ ಅದೇ ವಿಶ್ವವಿದ್ಯಾಲಯದ ವಿಜ್ಞಾನಿ ಎಲ್ಲೀ ಹೈವುಡ್ ಜಾಗತಿಕ ತಾಪಮಾನದ ಏರಿಕೆಯನ್ನು ಸಾಲುಸಾಲಾಗಿ ಹೆಣೆದು ಕ್ರೋಶಾ ಹೊದಿಕೆಯೊಂದನ್ನು ಮಾಡಿದ್ದರು. ಅಂದರೆ ಈ ಪಟ್ಟೆಗಳ ಬೇರು ನೂಲಿನಲ್ಲೇ ಇದೆ. ದಿನಕ್ಕೊಂದು ಸಾಲಿನಂತೆ ಆಯಾ ದಿನದ ತಾಪಮಾನವನ್ನು ವರ್ಷವಿಡೀ ಹೆಣೆಯುವವರೂ ಬಹಳ ಮಂದಿ ಇದ್ದಾರೆ. ಅವರ ಒಂದು ಕಷ್ಟ ನನಗೆ ಬಹಳ ಆಪ್ತವೆನಿಸುತ್ತದೆ. ವರ್ಷದ ಮೊದಲ ದಿನವೇ ಯಾವ ತಾಪಮಾನಕ್ಕೆ ಯಾವ ಬಣ್ಣವೆಂದು ನಿಗದಿಮಾಡಿ ಅಷ್ಟೂ ನೂಲನ್ನು ಕೊಂಡಿಟ್ಟುಕೊಳ್ಳಬೇಕು. ಬೇಸಿಗೆ ಆ ಪಟ್ಟಿಯನ್ನು ಮೀರಿದರೆ ಅವರೂ ನೇರಳೆ ನೂಲಿಗಾಗಿ ಮತ್ತೆ ಅಂಗಡಿಗೆ ಹೋಗಬೇಕು.

ನನ್ನ ಮಟ್ಟಿಗೆ ಹಾಕಿನ್ಸ್ ಅವರ ಪಟ್ಟೆಗಳು ಇತ್ತೀಚಿನ ವರ್ಷಗಳ ಅತ್ಯುತ್ತಮ ವಿನ್ಯಾಸ. ಅದೇ ಪಟ್ಟೆಗಳು ಕೊರಳ ಟೈಯ ಮೇಲೆ ಬಂದಾಗ ಮಾತ್ರ ಅವು ಬಹಳ ಸುಂದರವಾಗಿ ಕಾಣುತ್ತವೆ ಎಂಬ ಸಣ್ಣ ಇರಿಸುಮುರಿಸು ನನ್ನಲ್ಲಿ ಉಳಿದೇ ಇದೆ. ಅದೇನಿದ್ದರೂ ನಾನು ಹುಡುಕುತ್ತಿದ್ದದ್ದು ವರ್ಷಗಳ ಲೆಕ್ಕವನ್ನಲ್ಲ. ಕನ್ನಡದಲ್ಲಿ ಬಿಸಿಗೆ ಎಷ್ಟೊಂದು ಮಾತುಗಳಿವೆ. ಬೆವರು ಆರದ ಬಿಸಿ ಸೆಕೆ, ಗೋಡೆಯೊಳಗೆ ರಾತ್ರಿಯವರೆಗೂ ಉಳಿಯುವುದು ಕಾವು, ಒಳಗೂ ಹೊರಗೂ ಸುಡುವುದು ಬೇಗೆ, ದೂರದಿಂದಲೇ ಮುಖಕ್ಕೆ ಬಂದು ಬಡಿಯುವುದು ಝಳ. ಸೆಕೆಯನ್ನೂ ಕಾವನ್ನೂ ಮೈ ಮಾತ್ರ ಬಲ್ಲದು. ಕಣ್ಣಿಗೂ ಕಾಣುವುದು ಝಳವೊಂದೇ. ಬಟ್ಟೆಗೆ ಇಳಿಸಬಹುದಾದದ್ದೂ ಅದೊಂದೇ ಎಂದು ತೀರ್ಮಾನಿಸಿದೆ.

ಆಮೇಲಿನ ಕೆಲವು ದಿನಗಳನ್ನು ನೇರವಾದ ಡಾಂಬರು ರಸ್ತೆಯೊಂದರ ಅಂಚಿನಲ್ಲಿ, ಟೋಪಿ ಹಾಕಿಕೊಂಡು, ಪೆನ್ಸಿಲ್ ಹಿಡಿದು ಕಳೆದೆ. ದೂರದಲ್ಲಿ ರಸ್ತೆಯ ಮೇಲೆ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಕುದುರೆಯೆಂದು ಕರೆದವರು ಅದರ ಓಟವನ್ನು ಸರಿಯಾಗಿ ಗಮನಿಸಿದ್ದರು, ಏಕೆಂದರೆ ನಾವು ಮುಂದಕ್ಕೆ ಹೋದಷ್ಟೂ ಅದು ಮುಂದಕ್ಕೋಡುತ್ತದೆ. 1798ರಲ್ಲಿ ನೆಪೋಲಿಯನ್ನನ ಸೈನ್ಯದೊಂದಿಗೆ ಈಜಿಪ್ಟಿಗೆ ಹೋಗಿದ್ದ ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೋಂಜ್, ಮರುಭೂಮಿಯಲ್ಲಿ ನೀರೆಂದು ಭ್ರಮಿಸಿ ಸೈನಿಕರು ಬವಣೆಪಡುವುದನ್ನು ಕಂಡು ಇದರ ಕಾರಣವನ್ನು ವಿವರಿಸಿದ. ನೆಲಕ್ಕೆ ತಾಗಿದ ಗಾಳಿ ಕಾದು ವಿರಳವಾಗುತ್ತದೆ, ಮೇಲಿನ ಗಾಳಿ ಅಷ್ಟು ಕಾದಿರುವುದಿಲ್ಲ. ಆಕಾಶದಿಂದ ಓರೆಯಾಗಿ ಇಳಿದು ಬರುವ ಬೆಳಕು ಈ ಕಾದ ಪದರದಲ್ಲಿ ಬಾಗಿ ಮತ್ತೆ ಮೇಲಕ್ಕೆದ್ದು ಕಣ್ಣನ್ನು ಸೇರುತ್ತದೆ. ನೆಲದ ಮೇಲೆ ನಮಗೆ ಕಾಣುವ ನೀರು ಆಕಾಶದ ಒಂದು ತುಣುಕು.

ಈ ಬಾಗು ಎಷ್ಟು ಸಣ್ಣದೆಂದು ಲೆಕ್ಕ ಹಾಕಿದಾಗ ನನಗೆ ಅಚ್ಚರಿಯಾಯಿತು. ಗಾಳಿ ಒಂದು ಡಿಗ್ರಿ ಕಾದರೆ ಅದರ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಇಳಿಯುತ್ತದೆ. ನೆಲದ ಗಾಳಿಗೂ ಕಣ್ಣಿನ ಮಟ್ಟದ ಗಾಳಿಗೂ 20 ಡಿಗ್ರಿ ಅಂತರವಿದ್ದರೂ, ನೆಲಕ್ಕೆ ಒಂದು ಡಿಗ್ರಿಯ ಮೂರನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚಿನ ಓರೆಯವರೆಗಿನ ಬೆಳಕು ಮಾತ್ರ ಹೀಗೆ ಹಿಂದಿರುಗಿ ಏಳಬಲ್ಲದು. ಹಾಗಾಗಿ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ನೀರು ಸುಮಾರು 240 ಮೀಟರ್ ಆಚೆಯಿಂದ ಕಾಣಿಸುತ್ತದೆ. ಕಣ್ಣಿನ ಎತ್ತರ ಅರ್ಧಕ್ಕಿಳಿದರೆ ಆ ದೂರವೂ ಅರ್ಧಕ್ಕಿಳಿಯುತ್ತದೆ. ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂರುವುದು, ಏಳುವುದು, ಮತ್ತೆ ಕೂರುವುದು ಮಾಡಿ ನೀರನ್ನು ಹತ್ತಿರಕ್ಕೆ ಕರೆದು ದೂರಕ್ಕೆ ಕಳುಹಿಸಿದೆ. ನೋಡಿದವರು ಏನೆಂದುಕೊಂಡರೋ ತಿಳಿಯದು.

ಆ ನೀರಿನ ಅಂಚೇ ನನಗೆ ಬೇಕಾಗಿದ್ದ ಭಾಗ. ಅಲ್ಲಿ ಬರುವ ವಾಹನದ ಚಕ್ರಗಳು ಕಾಣುವುದಿಲ್ಲ, ಮೇಲಿನ ಅರ್ಧ ಮಾತ್ರ ತೇಲುತ್ತ ಬರುತ್ತದೆ. ಕಂಬವೊಂದು ಅಡ್ಡಡ್ಡ ಕೊಯ್ದ ಹಾಳೆಗಳಂತೆ ತುಂಡಾಗಿ, ಪ್ರತಿ ತುಂಡೂ ಎಡಕ್ಕೆ ಬಲಕ್ಕೆ ಸ್ವಲ್ಪ ಜರುಗಿ, ಕ್ಷಣದಲ್ಲಿ ಕೂಡಿಕೊಂಡು ಮತ್ತೆ ಒಡೆಯುತ್ತದೆ. ಎಲ್ಲವೂ ಅಡ್ಡಗೆರೆಗಳಲ್ಲೇ ನಡೆಯುತ್ತದೆ, ನಡುಕ ಮಾತ್ರ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಇದನ್ನು ಕಾಗದಕ್ಕಿಳಿಸಿ ಮನೆಗೆ ಬಂದು ನೋಡಿದರೆ ಅದು ಕೆರೆಯ ಅಲೆಯಾಗಿತ್ತು. ಗೆರೆಯನ್ನು ಡೊಂಕಾಗಿಸಿದೊಡನೆ ಅದು ನೀರಾಗಿಬಿಡುತ್ತದೆ. ಡೊಂಕನ್ನು ಕಡಿಮೆ ಮಾಡಿದರೆ ಮರದ ಹಲಗೆಯಾಗುತ್ತದೆ. ನಡುಗುವ ವಸ್ತುವಿನ ಚಿತ್ರ ಬರೆಯುವುದನ್ನು ಬಿಟ್ಟು, ತಾನೇ ನಡುಗುವ ಬಟ್ಟೆ ಬೇಕು ಎಂದು ಅರ್ಥವಾಗಲು ಇನ್ನೂ ಮೂರು ವಾರ ಹಿಡಿಯಿತು.

ನೇಯ್ಗೆಯವರಿಗೆ ಇದು ಹೊಸದಲ್ಲ. ಇಕ್ಕತ್ತಿನಲ್ಲಿ ನೂಲನ್ನು ಮೊದಲೇ ಕಟ್ಟಿ ಬಣ್ಣಕ್ಕೆ ಅದ್ದಿ ಆಮೇಲೆ ಮಗ್ಗಕ್ಕೇರಿಸುತ್ತಾರೆ. ಎಳೆಗಳು ಕೂದಲೆಳೆಯಷ್ಟು ಆಚೀಚೆ ಸರಿಯುವುದರಿಂದ ಆಕೃತಿಗಳ ಅಂಚು ಗರಿಗರಿಯಾಗಿ ಅದುರಿದಂತಿರುತ್ತದೆ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಕೊಟ್ಟು ನೇಯ್ದ ರೇಷ್ಮೆ ಮಡಿಕೆ ತಿರುಗಿದಂತೆ ಬಣ್ಣ ಬದಲಿಸುತ್ತದೆ. ಗೀರುಗೀರಾದ ನೇಯ್ಗೆಯ ರೇಷ್ಮೆಯನ್ನು ಎರಡು ಪದರವಾಗಿ ಮಡಿಸಿ ಬಿಸಿ ಉರುಳೆಗಳ ನಡುವೆ ಒತ್ತಿದರೆ ನೀರಿನ ಗುರುತುಗಳಂಥ ವಿನ್ಯಾಸ ಮೂಡುತ್ತದೆ. ಅದರ ಹೆಸರು ಮೋಯ್ರೆ. ಈ ಕೊನೆಯದರ ಹಿಂದಿನ ತತ್ತ್ವವೇ ನನ್ನ ಕೈಗೆ ಬಂದ ಬೀಗದ ಕೈ. ಸಮಾಂತರ ಗೆರೆಗಳ ಎರಡು ಗುಂಪುಗಳು ಒಂದರ ಮೇಲೊಂದು ಕುಳಿತಾಗ, ಅವುಗಳ ಅಂತರದಲ್ಲಿ ಅತಿ ಸಣ್ಣ ವ್ಯತ್ಯಾಸವಿದ್ದರೆ, ಎರಡರಲ್ಲೂ ಇಲ್ಲದ ದೊಡ್ಡ ಅಲೆಯೊಂದು ಕಾಣಿಸಿಕೊಳ್ಳುತ್ತದೆ. ಎರಡು ಅಂತರಗಳನ್ನು ಗುಣಿಸಿ ಅವುಗಳ ವ್ಯತ್ಯಾಸದಿಂದ ಭಾಗಿಸಿದರೆ ಆ ಅಲೆಯ ಉದ್ದ ಸಿಗುತ್ತದೆ. ನಾನು ಆರಿಸಿಕೊಂಡದ್ದು 2 ಮಿಲಿಮೀಟರ್ ಮತ್ತು 2.1 ಮಿಲಿಮೀಟರ್. ಅಲೆ 42 ಮಿಲಿಮೀಟರ್.

ಎರಡನ್ನೂ ಒಂದೇ ಬಟ್ಟೆಯ ಮೇಲೆ ಮುದ್ರಿಸಿದರೆ ಅಲೆ ಅಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಒಂದನ್ನು ತೆಳ್ಳನೆಯ ಮಲ್‌ಮಲ್ಲಿನ ಮೇಲೆ, ಇನ್ನೊಂದನ್ನು ಅದರೊಳಗಿನ ಲೈನಿಂಗ್ ಮೇಲೆ ಮುದ್ರಿಸಿದರೆ ಕಥೆಯೇ ಬೇರೆ. ಮೇಲಿನ ಪದರ ಎರಡು ಮಿಲಿಮೀಟರ್ ಸರಿದರೆ ಅಲೆ ಪೂರ್ತಿ 42 ಮಿಲಿಮೀಟರ್ ಸರಿಯುತ್ತದೆ, ಅಂದರೆ ಇಪ್ಪತ್ತೊಂದು ಪಟ್ಟು. ಗೆರೆ ಒತ್ತಾಗಿರುವುದು ಹೊರಪದರದಲ್ಲಾದರೆ, ಆ ಪದರ ಮೇಲಕ್ಕೆ ಜರುಗಿದಾಗ ಅಲೆಯೂ ಮೇಲಕ್ಕೇ ಓಡುತ್ತದೆ. ರಸ್ತೆಯ ಮೇಲೆ ಕಂಡ ನಡುಕವೂ ಮೇಲ್ಮುಖವಾಗಿತ್ತು. ಮೊದಲು ಪಾರದರ್ಶಕ ಹಾಳೆಗಳ ಮೇಲೆ ಎರಡೂ ಗುಂಪುಗಳನ್ನು ಅಚ್ಚುಹಾಕಿ ಒಂದರ ಮೇಲೊಂದಿಟ್ಟು ಬೆರಳಿನಿಂದ ಮೆಲ್ಲನೆ ತಳ್ಳಿದ ಆ ಸಂಜೆ ಊಟದ ನೆನಪೂ ಆಗಲಿಲ್ಲ.

ಬಣ್ಣದ ವಿಷಯದಲ್ಲಿ ಹಳೆಯ ಪಾಠವೊಂದು ನೆರವಾಯಿತು. ಚಿತ್ರಗಂಬಳಿಗಳನ್ನು ನೇಯುವ ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್‌ಗೆ, ಕಪ್ಪು ಬಣ್ಣ ಮಂಕಾಗಿದೆ ಎಂಬ ದೂರು ಬರುತ್ತಿತ್ತು. ಬಣ್ಣದಲ್ಲಿ ದೋಷವಿಲ್ಲ, ಪಕ್ಕದಲ್ಲಿರುವ ನೀಲಿ-ನೇರಳೆ ನೂಲುಗಳು ಕಪ್ಪನ್ನು ಹಾಗೆ ಕಾಣಿಸುತ್ತಿವೆ ಎಂದು ಆತ ಕಂಡುಕೊಂಡ. ನೆರೆಯ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂಬ ಅವನ ನಿಯಮಗಳು 1839ರಲ್ಲಿ ಪ್ರಕಟವಾದವು. ಅದರಂತೆ, ಹಳದಿಯ ಪಕ್ಕದಲ್ಲಿಟ್ಟ ಬರೀ ಬೂದು ಕಣ್ಣಿಗೆ ನೀಲಿಯತ್ತ ವಾಲಿದಂತೆ ಕಾಣುತ್ತದೆ. ಹಾಗಾಗಿ ನೀಲಿಯನ್ನು ಕೈಬಿಟ್ಟೆ. ಹೊರಪದರಕ್ಕೆ ಒಣಹುಲ್ಲಿನ ಹಳದಿ, ಒಳಪದರಕ್ಕೆ ಬೂದು. ಎರಡರ ತಿಳಿತನವೂ ಹೆಚ್ಚುಕಡಿಮೆ ಒಂದೇ. ಬಣ್ಣ ಬೇರೆಯಾಗಿದ್ದು ತಿಳಿತನ ಸಮವಾಗಿದ್ದರೆ ಅಂಚು ಎಲ್ಲಿದೆ ಎಂದು ಹಿಡಿಯಲು ಕಣ್ಣು ತಡವರಿಸುತ್ತದೆ, ಆ ತಡವರಿಕೆಯೂ ನಡುಕಕ್ಕೆ ಸೇರಿಕೊಳ್ಳುತ್ತದೆ. ಕಿಟಕಿಯ ಬಳಿ ಹಚ್ಚಿಕೊಂಡ ಹದಿನಾಲ್ಕು ಚೌಕಗಳಲ್ಲಿ ಈ ಎರಡೂ ಇದ್ದವು.

ಇನ್ನು ತೊಡುವ ಮಾತು. ಮೊದಲ ತುಣುಕನ್ನು ಪಿಗ್ಮೆಂಟ್ ಬಣ್ಣದಲ್ಲಿ ಮುದ್ರಿಸಿದ್ದೆ. ಅದರಲ್ಲಿ ಬಣ್ಣದ ಪುಡಿಯನ್ನು ಬೈಂಡರ್ ಎಂಬ ಅಂಟು ಬಟ್ಟೆಯ ಮೇಲ್ಮೈಗೆ ಕಚ್ಚಿಸುತ್ತದೆ, ಸುಮಾರು 150 ಡಿಗ್ರಿಯಲ್ಲಿ ಕೆಲವು ನಿಮಿಷ ಕಾಯಿಸಿದರೆ ಅದು ಗಟ್ಟಿಯಾಗುತ್ತದೆ. ಮೇಲ್ಮೈಯ ಅರ್ಧಭಾಗ ಗೆರೆಗಳೇ ಆದ ಈ ವಿನ್ಯಾಸದಲ್ಲಿ ಅದರ ಫಲವೆಂದರೆ, ಗಾಳಿಯಾಡಬೇಕಾದ ಮಲ್‌ಮಲ್ ಕಾಗದದಂತೆ ಬಿರುಸಾಗಿತ್ತು. ಬೇಗೆಯ ವಿನ್ಯಾಸವಿರುವ ಬಟ್ಟೆ ತೊಟ್ಟವರನ್ನು ಬೇಯಿಸಿದರೆ ಅದಕ್ಕಿಂತ ದೊಡ್ಡ ನಗೆಪಾಟಲು ಇನ್ನೊಂದಿಲ್ಲ. ರಿಯಾಕ್ಟಿವ್ ಬಣ್ಣಕ್ಕೆ ಬದಲಿಸಿದೆ. ಅದು ಹತ್ತಿಯ ನಾರಿನೊಂದಿಗೇ ರಾಸಾಯನಿಕವಾಗಿ ಬೆಸೆದುಕೊಳ್ಳುವುದರಿಂದ, ಆವಿಯಲ್ಲಿ ಹದಗೊಳಿಸಿ ತೊಳೆದ ಮೇಲೆ ಬಟ್ಟೆ ಮೊದಲಿನಷ್ಟೇ ಮೃದುವಾಗಿ ಉಳಿಯುತ್ತದೆ.

ಎರಡು ಪದರಗಳಿಂದ ಬಿಸಿ ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಮರುಭೂಮಿಯ ಬೆದೂಯಿನರು ಕಪ್ಪು ನಿಲುವಂಗಿ ತೊಡುವುದೇಕೆ ಎಂದು ಪರೀಕ್ಷಿಸಿದ ಅಧ್ಯಯನವೊಂದು 1980ರಲ್ಲಿ ಪ್ರಕಟವಾಗಿತ್ತು. ಕಪ್ಪು ಬಟ್ಟೆ ಬಿಳಿಯದಕ್ಕಿಂತ ಹೆಚ್ಚು ಶಾಖ ಹೀರಿದರೂ, ಉಡುಪು ಸಡಿಲವಾಗಿರುವುದರಿಂದ ಆ ಹೆಚ್ಚಿನ ಶಾಖ ಚರ್ಮ ತಲುಪುವ ಮೊದಲೇ ಗಾಳಿಗೆ ಹೋಗುತ್ತದೆ ಎಂಬುದು ಅದರ ಸಾರ. ಆದರೆ ಅದು ಒಣ ಬಿಸಿಯ ಮಾತು. ಬೆವರು ಆರದ ಸೆಕೆಯಲ್ಲಿ ಇನ್ನೊಂದು ಪದರವೆಂದರೆ ಇನ್ನೊಂದು ತಡೆ. ಕೊನೆಗೆ ಸೊಂಟದ ಮೇಲಕ್ಕೆ ಒಂದೇ ಪದರ, ಅದೂ ಮುದ್ರಣವೇ ಇಲ್ಲದ್ದು. ಸೊಂಟದ ಕೆಳಗೆ ಮಾತ್ರ ಸಡಿಲವಾದ ಎರಡು ಪದರ ಎಂದು ಉದ್ದನೆಯ ನಿಲುವಂಗಿಯೊಂದನ್ನು ರೂಪಿಸಿದೆ. ಬಿಸಿಲ್ಗುದುರೆ ಹೇಗೂ ನೆಲದ ಹತ್ತಿರವೇ ಓಡುವಂಥದು.

ಮುದ್ರಣದ ಅಚ್ಚಾದ ಸ್ಕ್ರೀನಿನ ರಿಪೀಟ್, ಅಂದರೆ ವಿನ್ಯಾಸ ಮರುಕಳಿಸುವ ಉದ್ದ, 630 ಮಿಲಿಮೀಟರ್, ಹೊರಪದರಕ್ಕೆ 315 ಗೆರೆ, ಒಳಪದರಕ್ಕೆ 300. ಮುದ್ರಣವಾಗಿ, ಆವಿಗೆ ಹೋಗಿ, ತೊಳೆದು ಒಣಗಿ ಬಟ್ಟೆ ಕೈಸೇರಿದ ದಿನ ಎರಡನ್ನೂ ಒಂದರ ಮೇಲೊಂದು ಹಾಸಿದೆ. ಅಲೆಗಳು ಒತ್ತೊತ್ತಾಗಿ, ಸಿಡಿಮಿಡಿಗೊಂಡಂತೆ ಕಂಡವು. ಸ್ಕೇಲ್ ಇಟ್ಟು ನೋಡಿದರೆ 42 ಇರಬೇಕಾದಲ್ಲಿ ಸುಮಾರು 25. ಸ್ಕ್ರೀನ್ ಮಾಡಿದವರನ್ನು ಬಯ್ದುಕೊಳ್ಳುತ್ತಲೇ ಹೊರಪದರದ ಐವತ್ತು ಗೆರೆಗಳನ್ನು ಸೂಜಿಯ ತುದಿಯಿಂದ ಎಣಿಸಿದೆ: 100 ಮಿಲಿಮೀಟರ್ ಆಗಬೇಕಾದದ್ದು 95 ಆಗಿತ್ತು. ಒಳಪದರದ ಐವತ್ತು ಗೆರೆಗಳು 105ರ ಬದಲು 103. ತಪ್ಪು ಸ್ಕ್ರೀನಿನದಾಗಿರಲಿಲ್ಲ. ಗಂಜಿ ತೆಗೆದು ಬಿಳುಪಾಗಿಸಿದ ಬಟ್ಟೆಯನ್ನೇ ಕೊಂಡಿದ್ದೆನಾದರೂ, ಎಳೆದು ಹಿಡಿದು ಒಣಗಿಸಿದ ಬಟ್ಟೆ ಮತ್ತೆ ನೆನೆದಾಗ ತನ್ನ ನಿಜವಾದ ಅಳತೆಗೆ ಮರಳುತ್ತದೆ. ಮಗ್ಗದಲ್ಲಿ ಬಿಗಿದಿದ್ದ ಹಾಸಿನ ಎಳೆಯುದ್ದಕ್ಕೂ ಈ ಕುಗ್ಗುವಿಕೆ ಹೆಚ್ಚು. ಸಡಿಲ ನೇಯ್ಗೆಯ ಮಲ್‌ಮಲ್ ನೂರಕ್ಕೆ ಐದರಷ್ಟು ಕುಗ್ಗಿತ್ತು, ಲೈನಿಂಗ್ ಎರಡರಷ್ಟು. ಎರಡೂ ಸಮನಾಗಿ ಕುಗ್ಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಣ್ಣ ವ್ಯತ್ಯಾಸವನ್ನು ದೊಡ್ಡದಾಗಿ ತೋರಿಸುವುದೇ ಈ ವಿನ್ಯಾಸದ ಗುಣವಾದ್ದರಿಂದ ಅದು ನನ್ನ ತಪ್ಪನ್ನೂ ದೊಡ್ಡದಾಗಿಯೇ ತೋರಿಸಿತು.

ಎರಡನೆಯ ಬಾರಿ ಎರಡೂ ಬಟ್ಟೆಗಳನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಎಳೆಯದೆ ಹಾಸಿ ಒಣಗಿಸಿ, ಆಮೇಲೆ ಮುದ್ರಣಕ್ಕೆ ಕೊಟ್ಟೆ. ಹೊಲಿಗೆಯಲ್ಲಿ ಇನ್ನೊಂದು ಪಾಠವಾಯಿತು. ಒಳಪದರ ಹೊರಪದರಕ್ಕೆ ಒಂದೇ ಒಂದು ಡಿಗ್ರಿ ಓರೆಯಾದರೂ ಅಲೆಗಳು ಸುಮಾರು 19 ಡಿಗ್ರಿ ವಾಲುತ್ತವೆ. ಹೊಲಿದುಕೊಟ್ಟವರು ಅದನ್ನು ಎರಡು ಸಲ ಬಿಚ್ಚಿ ಮತ್ತೆ ಕೂಡಿಸಿದರು. ಎಡಬದಿಯಲ್ಲಿ ಈಗಲೂ ಅಲೆಗಳು ತುಸು ಇಳಿಜಾರಾಗಿವೆ, ನಾನು ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಈ ನಿಲುವಂಗಿಯನ್ನು ಮೊದಲು ನೋಡಿದ ಗೆಳತಿ, "ಕಣ್ಣಿಗೆ ಎಷ್ಟು ತಂಪಾಗಿದೆ!" ಎಂದಳು. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬಿಸಿಗಾಳಿಗೆ 70,000ಕ್ಕೂ ಹೆಚ್ಚು ಜನ ಬಲಿಯಾದರೆಂದು ಅಂದಾಜಿದೆ. ಅಂಥದ್ದನ್ನು ಗೆರೆಗಳಾಗಿಸಿ ಹೊರಟವಳಿಗೆ ಸಿಕ್ಕ ಮೊದಲ ಮೆಚ್ಚುಗೆ ತಂಪಿನದು. ಅವಳನ್ನು ಮಧ್ಯಾಹ್ನದ ಬಿಸಿಲಿಗೆ ಕರೆದುಕೊಂಡು ಹೋಗಿ, ನಿಲುವಂಗಿ ತೊಟ್ಟು ಇಪ್ಪತ್ತು ಹೆಜ್ಜೆ ದೂರಕ್ಕೆ ನಡೆದು ತಿರುಗಿ ಬಂದೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು, "ಕಾಲೇ ಕಾಣಲಿಲ್ಲ" ಎಂದಳು.

ಆಮೇಲೆ ಅದನ್ನು ನಾಲ್ಕು ಸಲ ಒಗೆದಿದ್ದೇನೆ. ಅಲೆ ಈಗ 41 ಮಿಲಿಮೀಟರ್. ಗಾಳಿ ಬಿದ್ದ ದಿನ ಬಟ್ಟೆ ಮೈಗೆ ಅಂಟಿಕೊಂಡರೆ ಪದರಗಳು ಒಂದರ ಮೇಲೊಂದು ಕಚ್ಚಿಕೊಂಡು ಅಲೆಗಳು ನಿಂತಲ್ಲೇ ನಿಲ್ಲುತ್ತವೆ. ಆ ತೊಂದರೆಗೆ ಹೊರಪದರದ ಅಂಚಿಗೆ ಎಷ್ಟು ಭಾರದ ಮಡಿಕೆ ಕೊಡಬೇಕೆಂದು ಈಗ ಬೇರೆ ಬೇರೆ ಅಗಲಗಳಲ್ಲಿ ಹೊಲಿದು ನೋಡುತ್ತಿದ್ದೇನೆ.